ಬೆನ್ನಿನ ಸೂಜಿಗೆ ಹೆದರಬೇಡಿ, ಲ್ಯಾಬಿನ ಬೀಗಕ್ಕೆ ಹೆದರಿ

"ಬೆನ್ನಿಗೆ ಸೂಜಿ ಹಾಕಿಸಬ್ಯಾಡ್ರಿ, ಹುಡುಗನ ಕಾಲು ಹೋಗ್ತಾವ." ಜ್ವರ ಬಂದು ಫಿಟ್ಸ್ ಆದ ಮಗುವನ್ನು ದೊಡ್ಡಾಸ್ಪತ್ರೆಗೆ ಸೇರಿಸಿದ ಮನೆಯಲ್ಲಿ ಈ ಮಾತು ಹೇಳುವವರು ಒಬ್ಬರಾದರೂ ಇರುತ್ತಾರೆ. ಕಳೆದ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಹೇಳಿದವರು ಸೋದರಮಾವ. ಅಕ್ಕ ಸಹಿ ಹಾಕಲು ಅರ್ಧ ದಿನ ತಡ ಮಾಡಿದಳು.

ಮಾವ ಹೇಳಿದ್ದು ತಪ್ಪು. ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ. ತೆಗೆಯುವ ನೀರು ಹೆಚ್ಚೆಂದರೆ ಒಂದು ಚಮಚ, ಕೆಲವು ಗಂಟೆಗಳಲ್ಲಿ ದೇಹವೇ ಅದನ್ನು ತುಂಬಿಸಿಕೊಳ್ಳುತ್ತದೆ. ಒಂದೆರಡು ದಿನ ತಲೆನೋವು, ಬೆನ್ನುನೋವು ಬರಬಹುದು. ಮೆದುಳಿನಲ್ಲಿ ಒತ್ತಡ ಹೆಚ್ಚಿದ ಲಕ್ಷಣ ಕಂಡರೆ ಡಾಕ್ಟರೇ ಮುಂದೂಡುತ್ತಾರೆ. ಕೈಕಾಲು ಬೀಳುವುದು ರೋಗದಿಂದ. ಬೈಸಿಕೊಳ್ಳುವುದು ಸೂಜಿ.

ಆದರೆ ಮಾವನನ್ನು ಬೈದು ಸುಮ್ಮನಾಗುವ ಹಾಗಿಲ್ಲ.

ಜ್ವರ, ವಾಂತಿ, ಕುತ್ತಿಗೆ ಬಿಗಿತ, ಫಿಟ್ಸ್. ಹೊರಗೆ ಎಲ್ಲ ಒಂದೇ ಥರ. ಒಳಗಿರುವುದು ಬ್ಯಾಕ್ಟೀರಿಯಾ ಇರಬಹುದು, ಟಿಬಿ ಇರಬಹುದು, ಭತ್ತದ ಗದ್ದೆಯ ಸೊಳ್ಳೆ ತರುವ ಜಪಾನೀಸ್ ಮೆದುಳು ಜ್ವರವೂ ಇರಬಹುದು. ಕೋಲಾರ, ಮಂಡ್ಯ, ಬಳ್ಳಾರಿ ಕಡೆಯವರಿಗೆ ಇದರ ಹೆಸರು ಹೊಸದಲ್ಲ. ಬ್ಯಾಕ್ಟೀರಿಯಾ ಆದರೆ ಬೆನ್ನಿನ ನೀರಿನಲ್ಲಿ ನ್ಯೂಟ್ರೊಫಿಲ್ ಎಂಬ ಬಿಳಿ ಕಣ ತುಂಬಿರುತ್ತವೆ, ಸಕ್ಕರೆ ಇಳಿದಿರುತ್ತದೆ, ಪ್ರೋಟೀನ್ ಏರಿರುತ್ತದೆ. ವೈರಸ್ ಆದರೆ ಸಾಮಾನ್ಯವಾಗಿ ಲಿಂಫೋಸೈಟ್ ಕಣ ಹೆಚ್ಚು, ಸಕ್ಕರೆ ಸರಿಯಾಗೇ ಇರುತ್ತದೆ. ಟಿಬಿಯಲ್ಲಿ ಲಿಂಫೋಸೈಟೂ ಹೆಚ್ಚು, ಸಕ್ಕರೆಯೂ ಕಡಿಮೆ, ಪ್ರೋಟೀನ್ ಬಹಳ ಜಾಸ್ತಿ. ಲ್ಯಾಕ್ಟೇಟ್ ಅಳೆದು, ಅದು 3.5 ದಾಟಿದರೆ ಬ್ಯಾಕ್ಟೀರಿಯಾ ಎಂಬ ಅನುಮಾನ ಗಟ್ಟಿ. ಜಪಾನೀಸ್ ಜ್ವರಕ್ಕೆ ಐಜಿಎಂ ಪರೀಕ್ಷೆ, ಟಿಬಿಗೆ ಸಿಬಿನ್ಯಾಟ್ ಬೇರೆ ಇವೆ. ಔಷಧಿಯೂ ಬೇರೆ ಬೇರೆ. ಬ್ಯಾಕ್ಟೀರಿಯಾಕ್ಕೆ ಕೆಲವು ವಾರ, ಟಿಬಿಗೆ ತಿಂಗಳುಗಟ್ಟಲೆ. ಜಪಾನೀಸ್ ಜ್ವರದ ವೈರಸ್ ಕೊಲ್ಲುವ ಔಷಧಿಯೇ ಇಲ್ಲ, ಆರೈಕೆಯೇ ಎಲ್ಲ.

ಕಣ ಎಣಿಸಲು ದೊಡ್ಡ ಮಷಿನ್ ಬೇಕಿಲ್ಲ. ಮೈಕ್ರೋಸ್ಕೋಪ್, ಗೆರೆ ಹಾಕಿದ ಗಾಜು, ಎಣಿಸಲು ಬರುವ ಒಬ್ಬ ಟೆಕ್ನಿಷಿಯನ್ ಸಾಕು. ಆದರೆ ಒಂದೆರಡು ಗಂಟೆಯೊಳಗೆ ಎಣಿಸಬೇಕು, ಇಟ್ಟಷ್ಟೂ ಕಣ ಒಡೆಯುತ್ತವೆ. ಅದೇ ಹೊತ್ತಿಗೆ ರಕ್ತದ ಸಕ್ಕರೆಯನ್ನೂ ನೋಡಬೇಕು. ನೀರಿನ ಸಕ್ಕರೆ ರಕ್ತದ ಸಕ್ಕರೆಯ ಸುಮಾರು ಮೂರರಲ್ಲಿ ಎರಡು ಪಾಲು ಇರಬೇಕು, ಹೋಲಿಸದಿದ್ದರೆ ಆ ನಂಬರಿಗೆ ಅರ್ಥವಿಲ್ಲ.

ಅಕ್ಕನ ಮಗನ ನೀರು ತೆಗೆದದ್ದು ಸಂಜೆ. ಲ್ಯಾಬಿಗೆ ಬೀಗ. ನೋಡಿದ್ದು ಮರುದಿನ ಬೆಳಿಗ್ಗೆ. ರಕ್ತದ ಸಕ್ಕರೆ ಯಾರೂ ಬರೆದಿಡಲಿಲ್ಲ. ರಿಪೋರ್ಟ್‌ನಲ್ಲಿ "ಕಣ ಕಡಿಮೆ, ಸಕ್ಕರೆ ಕಡಿಮೆ". ಇದನ್ನು ಹಿಡಿದು ಯಾವ ಡಾಕ್ಟರ್ ಏನು ಹೇಳಬೇಕು? ಮೂರಕ್ಕೂ ಔಷಧಿ ಶುರು ಮಾಡಿದರು. ಅವರದು ತಪ್ಪಲ್ಲ, ಅಂಥ ಹೊತ್ತಿನಲ್ಲಿ ಔಷಧಿ ತಡ ಮಾಡಬಾರದು. ಆದರೆ ಯಾವುದನ್ನು ನಿಲ್ಲಿಸಬೇಕು ಎಂದು ಹೇಳಬೇಕಾದ ನೀರು ರಾತ್ರಿಯಿಡೀ ಟ್ಯೂಬಿನಲ್ಲಿ ಕೆಟ್ಟಿತ್ತು.

ಮುಂದಿನ ಸಲ ಸಹಿ ಕೇಳಿದಾಗ ಹಾಕಿ. ಹಾಕುವಾಗಲೇ ಕೇಳಿ: ಈ ನೀರನ್ನು ಯಾರು, ಎಷ್ಟು ಗಂಟೆಗೆ ನೋಡುತ್ತಾರೆ? ರಕ್ತದ ಸಕ್ಕರೆ ತೆಗೆದಿರಾ? ರಾತ್ರಿ ಲ್ಯಾಬ್ ಏಕಿಲ್ಲ ಎಂದು ಆರೋಗ್ಯ ರಕ್ಷಾ ಸಮಿತಿಗೆ ಬರೆದು ಕೊಡಿ, ಸ್ವೀಕೃತಿ ತಗೊಳ್ಳಿ. ನಾವು ಕೊಟ್ಟಿದ್ದೇವೆ, ಉತ್ತರ ಬಂದಿಲ್ಲ. ಹುಡುಗ ಶಾಲೆಗೆ ಹೋಗುತ್ತಿದ್ದಾನೆ. ಟಿಬಿ ಇತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಮಾತ್ರೆ ಮಾತ್ರ ದಿನಾ ನುಂಗುತ್ತಿದ್ದಾನೆ.