ಸಿಆರ್‌ಪಿ ಚೀಟಿಗಿಂತ ಮೊದಲು ಕಲ್ಚರ್ ಬಾಟಲಿ

ಮೂರು ದಿನವಾದರೂ ಜ್ವರ ಇಳಿಯದಿದ್ದರೆ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಹೊಸೂರು, ಡೆಂಕಣಿಕೋಟೆ, ತಳಿ ಕಡೆಯ ಜನ ಹತ್ತಿರದ ಕ್ಲಿನಿಕ್‌ಗೆ ಹೋಗುತ್ತಾರೆ. ಕೈಮೀರಿತು ಎನ್ನಿಸಿದರೆ ಗಡಿಯ ಅತ್ತಿಬೆಲೆ ದಾಟಿ ಬೆಂಗಳೂರಿಗೆ. ಜೊತೆಗೊಂದು ಲ್ಯಾಬ್ ಚೀಟಿ ಇರುತ್ತದೆ. ಅದರಲ್ಲಿ ಸಿಆರ್‌ಪಿ 90 ಎಂದಿದ್ದರೆ ‘ಇನ್‌ಫೆಕ್ಷನ್ ಜಾಸ್ತಿ ಇದೆ’ ಎಂಬ ಮಾತು, ಬೆನ್ನಿಗೇ ಆ್ಯಂಟಿಬಯೋಟಿಕ್ ಡ್ರಿಪ್. ಈ ಅವಸರವನ್ನು ಪ್ರಶ್ನಿಸಲೇಬೇಕು.

1930ರಲ್ಲಿ ನ್ಯೂಯಾರ್ಕ್‌ನ ರಾಕ್‌ಫೆಲರ್ ಸಂಸ್ಥೆಯ ಟಿಲೆಟ್ ಮತ್ತು ಫ್ರಾನ್ಸಿಸ್ ಸಿಆರ್‌ಪಿ, ಅಂದರೆ ಸಿ-ರಿಯಾಕ್ಟಿವ್ ಪ್ರೋಟೀನನ್ನು ಗುರುತಿಸಿದ್ದು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ. ಬ್ಯಾಕ್ಟೀರಿಯಾದ ನಂಟು ಆಗಲೇ ಅಂಟಿಕೊಂಡಿತು. ಆದರೆ ಸಿಆರ್‌ಪಿ ತಯಾರಿಸುವುದು ನಮ್ಮದೇ ಯಕೃತ್ತು, ಮುಖ್ಯವಾಗಿ ಇಂಟರ್‌ಲ್ಯೂಕಿನ್-6ರ ಸಂದೇಶ ತಲುಪಿದಾಗ. ಆ ಸಂದೇಶಕ್ಕೆ ಕಾರಣ ಬ್ಯಾಕ್ಟೀರಿಯಾವೋ, ವೈರಸ್ಸೋ, ಮುರಿದ ಮೂಳೆಯೋ ಎಂಬುದು ಯಕೃತ್ತಿಗೆ ಗೊತ್ತಿಲ್ಲ.

ಕೋವಿಡ್ ಇದನ್ನು ಎಲ್ಲರಿಗೂ ಕಾಣಿಸಿತು. 2020ರ ಮೇ ಆರಂಭದಲ್ಲಿ ತಮಿಳುನಾಡಿನಲ್ಲಿ ಕೋವಿಡ್‌ನ ಹಸಿರು ವಲಯದಲ್ಲಿದ್ದ ಏಕೈಕ ಜಿಲ್ಲೆ ಕೃಷ್ಣಗಿರಿ. ಮರುವರ್ಷದ ಹೊತ್ತಿಗೆ ಇಲ್ಲಿಯೂ ಸಿಆರ್‌ಪಿ, ಫೆರಿಟಿನ್, ಡಿ-ಡೈಮರ್ ಮನೆಮಾತಾದವು. ವೈರಸ್ ಕಾಯಿಲೆಯಲ್ಲೇ ಸಿಆರ್‌ಪಿ ನೂರು ದಾಟುತ್ತಿತ್ತು. ಬ್ರಿಟನ್ನಿನ ರಿಕವರಿ ಅಧ್ಯಯನದಲ್ಲಿ ಟೊಸಿಲಿಜುಮ್ಯಾಬ್ ಎಂಬ ಔಷಧ ಪರೀಕ್ಷಿಸಲು ರೋಗಿಗಳನ್ನು ಆರಿಸಿದ್ದು ಆಮ್ಲಜನಕದ ಕೊರತೆಯ ಜೊತೆಗೆ ಲೀಟರಿಗೆ 75 ಮಿಲಿಗ್ರಾಂ ಅಥವಾ ಹೆಚ್ಚಿನ ಸಿಆರ್‌ಪಿ ನೋಡಿ. ಆ ಔಷಧ ಇಂಟರ್‌ಲ್ಯೂಕಿನ್-6ರ ದಾರಿಯನ್ನೇ ಕಟ್ಟುತ್ತದೆ. ಹಾಗಾಗಿ ಅದನ್ನು ಪಡೆದವರಿಗೆ ಮುಂದೆ ಬ್ಯಾಕ್ಟೀರಿಯಾ ಸೋಂಕು ತಗುಲಿದರೂ ಸಿಆರ್‌ಪಿ ಏರದೇ ಇರಬಹುದು. ಅಂಕಿ ಎರಡೂ ದಿಕ್ಕಿನಲ್ಲಿ ದಾರಿ ತಪ್ಪಿಸಬಲ್ಲದು.

ಪ್ರೊಕ್ಯಾಲ್ಸಿಟೋನಿನ್ ಎಂಬ ಇನ್ನೊಂದು ರಕ್ತಪರೀಕ್ಷೆ ಸಿಆರ್‌ಪಿಗಿಂತ ಮೇಲು, ಹಲವು ಪಟ್ಟು ದುಬಾರಿಯೂ ಹೌದು. ಬ್ಯಾಕ್ಟೀರಿಯಾ ಸೋಂಕಿನಲ್ಲಿ ಕೆಲವೇ ಗಂಟೆಗಳಲ್ಲಿ ಏರುತ್ತದೆ. ವೈರಸ್ ಬಂದಾಗ ದೇಹ ಹೊರಡಿಸುವ ಇಂಟರ್‌ಫೆರಾನ್-ಗಾಮಾ ಅದನ್ನು ಅದುಮುತ್ತದೆ. ಆದರೂ ಸೆಪ್ಸಿಸ್ ಕುರಿತ 2021ರ ಅಂತರರಾಷ್ಟ್ರೀಯ ಮಾರ್ಗಸೂಚಿ ಆ್ಯಂಟಿಬಯೋಟಿಕ್ ಶುರು ಮಾಡುವ ತೀರ್ಮಾನಕ್ಕೆ ಇದನ್ನು ಬಳಸಬೇಡಿ ಎನ್ನುತ್ತದೆ. ಯಾವಾಗ ನಿಲ್ಲಿಸಬೇಕೆಂಬುದು ಸ್ಪಷ್ಟವಿಲ್ಲದಾಗ ಮಾತ್ರ ವೈದ್ಯರ ಪರಿಶೀಲನೆಯ ಜೊತೆಗೆ ನೆರವು ಪಡೆಯಬಹುದು. ನನ್ನ ಪ್ರಕಾರ ಈ ಪರೀಕ್ಷೆಯ ನಿಜವಾದ ಉಪಯೋಗ ಅಲ್ಲೇ ಇದೆ, ಆದರೆ ಆ ಕೆಲಸಕ್ಕೇ ನಾವು ಅದನ್ನು ಅತಿ ಕಡಿಮೆ ಬಳಸುತ್ತೇವೆ.

ಮಳೆಗಾಲ ಮುಗಿಯುವ ಹೊತ್ತಿನ ಜ್ವರಗಳನ್ನೇ ನೋಡಿ. ಡೆಂಗಿಯಲ್ಲಿ ಸಿಆರ್‌ಪಿ ಹೆಚ್ಚಾಗಿ ಅಷ್ಟೇನೂ ಏರುವುದಿಲ್ಲ. ಹಾಗೆಂದು ನಿಶ್ಚಿಂತೆಯಿಂದ ಮನೆಗೆ ಕಳಿಸಿದರೆ ಜ್ವರ ಇಳಿಯುವ ದಿನವೇ ರಕ್ತದ ದ್ರವ ಸೋರಿ ರೋಗಿ ಶಾಕ್‌ಗೆ ಜಾರಬಹುದು. ಅಲ್ಲಿ ಗಮನಿಸಬೇಕಾದದ್ದು ಹೊಟ್ಟೆನೋವು, ವಾಂತಿ, ಏರುವ ಹಿಮಾಟೊಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು). ಇನ್ನು ಪೊದೆಗಳಲ್ಲಿನ ಚಿಗ್ಗರ್ ಹುಳು ಕಚ್ಚಿ ಬರುವ ಸ್ಕ್ರಬ್ ಟೈಫಸ್ ಡೆಂಗಿಯಂತೆಯೇ ಪ್ಲೇಟ್‌ಲೆಟ್ ಇಳಿಸುತ್ತದೆ, ಆದರೆ ಅದು ಬ್ಯಾಕ್ಟೀರಿಯಾ ಕಾಯಿಲೆ. ಸಾಮಾನ್ಯವಾಗಿ ಚುಚ್ಚುವ ಸೆಫ್ಟ್ರಿಯಾಕ್ಸೋನ್‌ಗೆ ಬಗ್ಗುವುದಿಲ್ಲ, ಡಾಕ್ಸಿಸೈಕ್ಲಿನ್ ಬೇಕು. ತೀವ್ರ ಪ್ರಕರಣಗಳಲ್ಲಿ ಡಾಕ್ಸಿಸೈಕ್ಲಿನ್ ಜೊತೆ ಅಜಿತ್ರೊಮೈಸಿನ್ ಕೊಡುವುದು ಮೇಲೆಂದು ವೆಲ್ಲೂರು ಸಿಎಂಸಿ ನೇತೃತ್ವದ ಅಧ್ಯಯನ 2023ರಲ್ಲಿ ತೋರಿಸಿದೆ. ಕಂಕುಳು, ತೊಡೆಸಂದು ಬಿಚ್ಚಿ ಹುಳು ಕಚ್ಚಿದ ಕಡೆ ಕಪ್ಪು ಹಕ್ಕಳೆ ಇದೆಯೇ ಎಂದು ನೋಡಲು ಲ್ಯಾಬ್ ಬೇಕಿಲ್ಲ, ವೈದ್ಯರಿಗೆ ಎರಡು ನಿಮಿಷ ಪುರುಸೊತ್ತು ಬೇಕು.

ಉಸಿರು ವೇಗವಾಗಿ, ಮೂತ್ರ ಕಡಿಮೆಯಾಗಿ, ಮಾತು ತೊದಲಿದರೆ ಯಾವ ವರದಿಗೂ ಕಾಯಬಾರದು. ಸೆಪ್ಸಿಸ್ ಶಾಕ್‌ನಲ್ಲಿ ಒಂದು ಗಂಟೆಯೊಳಗೆ ಔಷಧ ಬೀಳಬೇಕು. ಆದರೆ ಮೊದಲ ಡೋಸ್‌ಗೆ ಮುನ್ನ, ತಡವಾಗದಂತೆ, ಬ್ಯಾಕ್ಟೀರಿಯಾ ಬೆಳೆಸಿ ಗುರುತಿಸುವ ಬ್ಲಡ್ ಕಲ್ಚರ್‌ಗೆ ರಕ್ತ ತೆಗೆಯಬೇಕು. ಔಷಧ ಹರಿದ ಮೇಲೆ ಬೆಂಗಳೂರಿನಲ್ಲಿ ತೆಗೆದ ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯುವ ಸಾಧ್ಯತೆ ಕುಗ್ಗುತ್ತದೆ, ಅಲ್ಲಿನ ವೈದ್ಯರೂ ಊಹೆಯ ಮೇಲೆಯೇ ಮುಂದುವರಿಯಬೇಕಾಗುತ್ತದೆ. ಕೃಷ್ಣಗಿರಿಯಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜಿದೆ, 2022ರ ಜನವರಿಯಲ್ಲಿ ಉದ್ಘಾಟನೆಯಾದದ್ದು. ತಾಲ್ಲೂಕು ಆಸ್ಪತ್ರೆಗಳಿಗೆ ಕಲ್ಚರ್ ಬಾಟಲಿ ಕೊಟ್ಟು, ಅಲ್ಲಿ ತೆಗೆದ ರಕ್ತವನ್ನು ಅದೇ ದಿನ ಕಾಲೇಜಿನ ಲ್ಯಾಬ್‌ಗೆ ತರಿಸಿ, ಫಲಿತಾಂಶವನ್ನು ರೋಗಿ ದಾಖಲಾಗಿರುವ ಬೆಂಗಳೂರಿನ ವಾರ್ಡ್‌ಗೆ ಫೋನ್‌ನಲ್ಲಿ ತಿಳಿಸುವ ವ್ಯವಸ್ಥೆಯನ್ನು ಎರಡೂ ರಾಜ್ಯಗಳ ಆರೋಗ್ಯ ಇಲಾಖೆಗಳು ಕೂಡಿ ಮಾಡಬೇಕು.