ಒಂದು ವಾಷರಿನ ಸಲುವಾಗಿ
ಅಮೆರಿಕದ ಹಳೆಯ ಬಾಡಿಗೆ ಮನೆಗಳಲ್ಲಿ ಚಕ್ರವಿರುವ ಡಿಶ್‌ವಾಷರ್ ಈಗಲೂ ಕಾಣಸಿಗುತ್ತದೆ. ಪಾತ್ರೆ ತುಂಬಿ, ಸಿಂಕಿನ ಬಳಿಗೆ ತಳ್ಳಿ, ಪೈಪಿನ ತುದಿಯನ್ನು ನಲ್ಲಿಯ ಮೂತಿಗೆ ಸಿಕ್ಕಿಸಬೇಕು. ಬಿಸಿನೀರು ಒಳಹೋಗುವುದೂ ಕೊಳೆನೀರು ಹೊರಬರುವುದೂ ಆ ಒಂದೇ ಜೋಡಣೆಯಿಂದ. ಮಗಳ ಮನೆಯದು ಸೋರತೊಡಗಿದಾಗ ಎಲ್ಲರೂ ‘ಎಸೆದುಬಿಡಿ’ ಎಂದರು. ನನಗೆ ಮನಸ್ಸು ಬರಲಿಲ್ಲ. ಬಿಚ್ಚಿ ನೋಡಿದರೆ, ರಬ್ಬರ್ ವಾಷರ್ ಒಣಗಿ ಬಿರುಕುಬಿಟ್ಟಿತ್ತು. ನಲ್ಲಿಗೆ ಕೂರುವ ಅಡಾಪ್ಟರಿನ ಅಂಚಿಗೆ ಗಡಸುನೀರಿನ ಬಿಳಿ ಪದರ ಕಟ್ಟಿತ್ತು. ಅಡಾಪ್ಟರನ್ನು ವಿನೆಗರಿನಲ್ಲಿ ನೆನೆಸಿ, ಹಳೆಯ ಟೂತ್‌ಬ್ರಷ್ಷಿನಿಂದ ತಿಕ್ಕಿ, ಅದೇ ಅಳತೆಯ ಹೊಸ ವಾಷರ್ ಹಾಕಿ ಕೈಯಲ್ಲೇ ಬಿಗಿಮಾಡಿದೆ. ಒಂದು ಹನಿಯೂ ಸೋರಲಿಲ್ಲ. ತೊಳೆದಾದ ಮೇಲೆ ನಲ್ಲಿ ನಿಲ್ಲಿಸಿ, ಜೋಡಣೆಯ ಗುಂಡಿ ಒತ್ತಿ ಒತ್ತಡ ಇಳಿಸಿಯೇ ಬಿಚ್ಚಿದರೆ ಹೊಸ ವಾಷರೂ ಬಹುಕಾಲ ಬಾಳುತ್ತದೆ. ಇಷ್ಟು ಪುಟ್ಟ ರಬ್ಬರ್ ಬಳೆಗಾಗಿ ಗಟ್ಟಿಮುಟ್ಟಾದ ಯಂತ್ರವನ್ನು ಗುಜರಿಗೆ ಹಾಕುವುದು ಅನ್ಯಾಯ.