ಸೆಂಟರ್ ಡಿಫ್‌ಗೆ ಬೀಗ ಹಾಕೋದ್ಯಾಕೆ ಸ್ವಾಮಿ?

ರಿಮೋಟ್ ಕಂಟ್ರೋಲ್ ಟ್ರಕ್ ಓಡಿಸುವ ನಮ್ಮ ಮಂದಿಗೆ ಈಗೊಂದು ಹೊಸ ಖಾಯಿಲೆ ಅಂಟಿದೆ. ಬ್ರಶ್‌ಲೆಸ್ ಟ್ರಕ್ ಕೊಳ್ಳುತ್ತಾರೆ. ಹೊರದೇಶದಿಂದ ಸೆಂಟರ್ ಡಿಫರೆನ್ಷಿಯಲ್ ತರಿಸಿ, ಕಸ್ಟಮ್ಸ್ ಕಟ್ಟಿ, ಇಡೀ ಶನಿವಾರ ಕೂತು ಅದನ್ನ ಕೂರಿಸುತ್ತಾರೆ. ಆಮೇಲೆ ಅದರೊಳಗೆ 5,00,000ದ ಆಯಿಲ್ ತುಂಬಿ ಅದು ಕೆಲಸವೇ ಮಾಡದ ಹಾಗೆ ಮಾಡಿಬಿಡುತ್ತಾರೆ. 5,00,000 ಅಂದರೆ ಸೆಂಟಿಸ್ಟೋಕ್ಸ್, ಆಯಿಲ್ ಎಷ್ಟು ಮಂದ ಅನ್ನುವ ಅಳತೆ. ನೀರು ಸುಮಾರು 1. ಜೇನುತುಪ್ಪ ಕೆಲವು ಸಾವಿರ. 5 ಲಕ್ಷ ಅಂದರೆ ಹಲಸಿನ ಮೇಣದ ನೆಂಟ. ಮನೆಗೆ ದುಡ್ಡು ಕೊಟ್ಟು ಬಾಗಿಲು ಇಡಿಸಿ, ಆಮೇಲೆ ಅದಕ್ಕೆ ಮೊಳೆ ಹೊಡೆದ ಹಾಗಾಯ್ತು.

ಯಾಕೆ ಹೀಗೆ ಅಂತ ಕೇಳಿದರೆ ಒಂದೇ ಉತ್ತರ: 'ವ್ಹೀಲಿ ಬರಬೇಕು ಗುರು.'

ಸರಿ, ವ್ಹೀಲಿ ಬರಲಿ. ಆದರೆ ಈ ಡಿಫ್ ಕೂರಿಸೋಕೆ ನೀವು ಏನನ್ನ ಬಿಚ್ಚಿ ಪಕ್ಕಕ್ಕಿಟ್ಟಿರಿ ಅನ್ನೋದು ನೆನಪಿದೆಯಾ? ಟ್ರ್ಯಾಕ್ಸಸ್ ಸ್ಲಾಶ್ 4x4 ಅಥವಾ ಆರ್ಮಾದ 3ಎಸ್ ಟ್ರಕ್ಕುಗಳು ಕಾರ್ಖಾನೆಯಿಂದ ಬರುವಾಗ ಅವುಗಳಲ್ಲಿ ಸೆಂಟರ್ ಡಿಫ್ ಇರುವುದಿಲ್ಲ. ಅಲ್ಲಿ ಸ್ಪರ್ ಗೇರ್ ಜೊತೆ ಸ್ಲಿಪ್ಪರ್ ಕ್ಲಚ್ ಇರುತ್ತೆ. ಟ್ರಕ್ ಗಾಳಿಯಲ್ಲಿ ಹಾರಿ, ಚಕ್ರ ಗಿರ್ರನೆ ತಿರುಗುತ್ತಲೇ ನೆಲಕ್ಕೆ ಬಡಿದಾಗ ಆ ಕ್ಲಚ್ ಒಂದು ಕ್ಷಣ ಜಾರುತ್ತೆ, ಹೊಡೆತವನ್ನ ತಾನು ತಿನ್ನುತ್ತೆ, ಗೇರಿನ ಹಲ್ಲು ಉಳಿಯುತ್ತೆ. ಸ್ಲಾಶ್‌ನಲ್ಲಿ ಸೆಂಟರ್ ಡಿಫ್ ಬಂದು ಕೂರುವುದೇ ಈ ಸ್ಲಿಪ್ಪರ್ ಇದ್ದ ಜಾಗದಲ್ಲಿ. ಅಂದರೆ ಜಾರುವುದನ್ನ ತೆಗೆದಿರಿ, ಅದರ ಬದಲು ಬಂದ ಡಿಫ್ ಅನ್ನು ಆಯಿಲ್ ಸುರಿದು ಗಟ್ಟಿ ಮಾಡಿದಿರಿ. ಈಗ ಮೋಟರಿಗೂ ಚಕ್ರಕ್ಕೂ ಮಧ್ಯೆ ಪೆಟ್ಟು ತಡೆಯೋರು ಯಾರೂ ಇಲ್ಲ. ಸ್ಲಿಪ್ಪರೂ ಹೋಯ್ತು, ಡಿಫ್ಫೂ ಹೋಯ್ತು.

ಇದು ಹಳೇ ಬ್ರಶ್ಡ್ ಮೋಟರಿನ ಕಾಲವಾಗಿದ್ದರೆ ಹೇಗೋ ನಡೆಯುತ್ತಿತ್ತು. ಸ್ಲಾಶ್‌ನ ಬ್ರಶ್‌ಲೆಸ್ ಮೋಟರ್ 3500 ಕೆವಿ, ಅಂದರೆ ಒಂದು ವೋಲ್ಟಿಗೆ ನಿಮಿಷಕ್ಕೆ 3500 ಸುತ್ತು. 3ಎಸ್ ಲೈಪೋ ಬ್ಯಾಟರಿಯ 11.1 ವೋಲ್ಟ್ ಕೊಟ್ಟರೆ ಲೆಕ್ಕದಲ್ಲಿ 38,850 ಸುತ್ತು. ಟ್ರಿಗರ್ ಎಳೆದ ಕೂಡಲೇ ಪೂರ್ತಿ ಟಾರ್ಕ್ ಬಂದು ಬಡಿಯುತ್ತೆ. ಮೊದಲು ಸ್ಪರ್ ಗೇರ್ ಹೋಗುತ್ತೆ. ಸ್ಟೀಲ್ ಸ್ಪರ್ ಹಾಕುತ್ತಾರೆ. ಆಗ ಡ್ರೈವ್‌ಶಾಫ್ಟ್ ತಿರುಚಿಕೊಳ್ಳುತ್ತೆ. ಅದನ್ನೂ ಸ್ಟೀಲ್ ಮಾಡಿದರೆ ಹಿಂದಿನ ಡಿಫ್‌ನ ಹಲ್ಲು ಪುಡಿ. ಪ್ರತಿ ಸಲವೂ 'ಕಂಪನಿ ಪಾರ್ಟ್ ವೀಕ್ ಕಣೋ' ಅಂತ ಬೈಗುಳ ಬೇರೆ. ವೀಕ್ ಆಗಿರೋದು ಪಾರ್ಟ್ ಅಲ್ಲ ಕಣ್ರೀ, ನಮ್ಮ ಲೆಕ್ಕ.

ಇದೆಲ್ಲ ನಮ್ಮ ನಮ್ಮ ಜೇಬಿನ ವಿಷಯ ಅಂತ ಬಿಟ್ಟುಬಿಡಬಹುದಿತ್ತು. ಬಿಡೋಕಾಗದ ವಿಷಯ ಸ್ಟಿಯರಿಂಗ್.

ಯಾವ ಗಾಡಿಯೇ ಆಗಲಿ ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹಾಕುತ್ತವೆ. ಹಾಗಾಗಿ ಅವು ಹೆಚ್ಚು ತಿರುಗಬೇಕು. ಮಧ್ಯೆ ಬೀಗ ಹಾಕಿದರೆ ಎರಡೂ ಆಕ್ಸಲ್ ಒಂದೇ ವೇಗದಲ್ಲಿ ತಿರುಗಲೇಬೇಕು. ಮಾರುತಿ ಜಿಪ್ಸಿ, ಥಾರ್ ಓಡಿಸಿದವರಿಗೆ ಇದು ಗೊತ್ತು. ಅವುಗಳ ಪಾರ್ಟ್-ಟೈಮ್ ಫೋರ್ ವ್ಹೀಲ್ ಡ್ರೈವ್‌ನಲ್ಲಿ ಸೆಂಟರ್ ಡಿಫ್ ಇಲ್ಲ. ಒಣ ಡಾಂಬರಿನ ಮೇಲೆ ಅದನ್ನ ಹಾಕಿಕೊಂಡು ತಿರುಗಿಸಿದರೆ ಗಾಡಿ ಮುಕ್ಕರಿಯುತ್ತೆ, ಟೈರು ಕೀರಲುತ್ತೆ. ಅದಕ್ಕೇ ಅದು ಕೆಸರಿಗೆ, ಮರಳಿಗೆ ಅಂತ ಮೀಸಲು. ನಮ್ಮ ಟ್ರಕ್ಕೂ ಅಷ್ಟೇ. ಥ್ರಾಟಲ್ ಮೇಲೆ ಬೆರಳಿಟ್ಟುಕೊಂಡೇ ತಿರುಗಿಸಿದರೆ ಮೂತಿ ಒಳಗೆ ಬರೋದಿಲ್ಲ, ನೆಟ್ಟಗೆ ಹೊರಗೆ ತಳ್ಳಿಕೊಂಡು ಹೋಗುತ್ತೆ. ನಮಗೆ ಇಲ್ಲಿ ಪ್ರತ್ಯೇಕ ಟ್ರ್ಯಾಕ್ ಎಲ್ಲಿದೆ? ಬಡಾವಣೆಯ ಆಟದ ಮೈದಾನವೇ ಗತಿ. ಈ ಕಡೆ ಟೆನಿಸ್ ಬಾಲ್ ಕ್ರಿಕೆಟ್, ಆ ಕಡೆ ವಾಕಿಂಗ್ ಬಂದ ಅಜ್ಜಿ. ಎರಡೂವರೆ ಮೂರು ಕೆ.ಜಿ. ತೂಕದ ವಸ್ತು ಬೈಕಿನ ವೇಗದಲ್ಲಿ ಬರುವಾಗ ಅದು ಹೇಳಿದ ಕಡೆ ತಿರುಗಬೇಕು. ನಿಮ್ಮ ವ್ಹೀಲಿಗಿಂತ ಆ ಹುಡುಗರ ಮೊಣಕಾಲು ದೊಡ್ಡದು.

ಹಾಗಾದರೆ ತೆಳು ಆಯಿಲ್ ಹಾಕೋಣವಾ? ಅದೂ ಬೇಡ. ಈ ಮಾತಲ್ಲಿ ವ್ಹೀಲಿ ಪಕ್ಷದವರದ್ದು ಅರ್ಧ ಸರಿ. ಡಿಫ್ ಯಾವಾಗಲೂ ಹಗುರಾದ ಕಡೆಗೆ ಒಲಿಯುತ್ತೆ. ವೇಗ ಎತ್ತಿದಾಗ ಭಾರ ಹಿಂದಕ್ಕೆ ಸರಿಯುತ್ತೆ, ಮುಂದಿನ ಚಕ್ರ ಹಗುರಾಗುತ್ತೆ, ಶಕ್ತಿಯೆಲ್ಲ ಅಲ್ಲಿಗೆ ಓಡುತ್ತೆ. ಹಿಂದಿನವು ಪೂರ್ತಿ ನಿಂತರೆ ಮುಂದಿನವು ಎರಡು ಪಟ್ಟು ವೇಗದಲ್ಲಿ ತಿರುಗುತ್ತವೆ. ವೇಗ ಎರಡು ಪಟ್ಟಾದರೆ ಟೈರನ್ನ ಹೊರಕ್ಕೆ ಎಳೆಯುವ ಬಲ ನಾಲ್ಕು ಪಟ್ಟು. ಟೈರು ಬಲೂನಿನಂತೆ ಉಬ್ಬಿ ಹರಿದುಹೋಗೋದು ಹೀಗೇ. ಆದರೆ ಇದಕ್ಕೆ ಮದ್ದು ಮೇಣ ತುಂಬುವುದಲ್ಲ. ಹದ ಹುಡುಕುವುದು. ದೋಸೆ ಹಿಟ್ಟು ನೀರಾಯ್ತು ಅಂತ ಯಾರಾದರೂ ಸಿಮೆಂಟ್ ಕಲಸುತ್ತಾರಾ?

ನನ್ನ ಟ್ರಕ್ಕಿನಲ್ಲಿರೋದು 50,000. ಮಣ್ಣಿನ ಮೈದಾನಕ್ಕೆ ಇದು ಸಾಕು. ಮುಂದಿನ ಚಕ್ರ ಸ್ವಲ್ಪ ಉಬ್ಬುತ್ತೆ, ಹಿಂದಿನವಕ್ಕೂ ಪಾಲು ಸಿಗುತ್ತೆ, ತಿರುವಿನಲ್ಲಿ ಮಾತು ಕೇಳುತ್ತೆ. ನಿಮ್ಮ ನೆಲ, ನಿಮ್ಮ ಟೈರು ಬೇರೆಯಾದರೆ 30,000ದಿಂದ 1,00,000ದವರೆಗೆ ಹಾಕಿ ನೋಡಿ. ಆಯಿಲ್ ಅಂಚಿನವರೆಗೆ ತುಂಬಬೇಡಿ. ಒಳಗಿನ ಅಡ್ಡ ಪಿನ್ ಮುಳುಗಿದರೆ ಸಾಕು, ಬಿಸಿಗೆ ಅದು ಹಿಗ್ಗೋಕೆ ಜಾಗ ಬೇಕು. ಒಂದು ಬಾಟಲಿ ಸಿಲಿಕೋನ್ ಆಯಿಲ್, ಒಂದು ಗ್ಯಾಸ್ಕೆಟ್, ಒಂದು ಸಂಜೆ. ಇಷ್ಟೇ ಖರ್ಚು.

ಇಲ್ಲ, ವ್ಹೀಲಿಯೇ ಬೇಕು, ಮಹಡಿ ಎತ್ತರ ಹಾರಲೇಬೇಕು ಅಂದರೆ ಅದಕ್ಕೂ ದಾರಿ ಇದೆ. ಸೆಂಟರ್ ಡಿಫ್ ತರಿಸಲೇಬೇಡಿ. ಕಂಪನಿ ಕೊಟ್ಟ ಸ್ಲಿಪ್ಪರ್ ಇರಲಿ, ಅದರ ನಟ್ಟನ್ನ ಸರಿಯಾಗಿ ಹೊಂದಿಸಿಕೊಳ್ಳಿ, ಯಾರೂ ಇಲ್ಲದ ಖಾಲಿ ಜಾಗ ನೋಡಿಕೊಂಡು ಹಾರಿಸಿ. ಅದರಲ್ಲಿ ತಪ್ಪೇನೂ ಇಲ್ಲ, ದುಡ್ಡೂ ಉಳಿಯಿತು. ಡಿಫ್ ಹಾಕೋದಾದರೆ ಅದನ್ನ ತಿರುಗೋಕೆ ಬಿಡಿ. ತಿರುಗೋಕೆ ಬಿಡಲ್ಲ ಅಂದ್ಮೇಲೆ ಅದನ್ನ ಕೊಂಡಿದ್ದಾದರೂ ಯಾಕೆ?